ಕುಂಟೆಯ ದಾರಿಯಲ್ಲಿ ಕೂತ ಟಿಟ್ಟಿಭದ ಮರಿ

ತಾಯಿ ಬಿಟ್ಟುಹೋದ ಹಕ್ಕಿಮರಿಯೊಂದನ್ನು ನಾನು ಹೊಲದಿಂದ ಎತ್ತಿ ಉಳಿಸಿದೆನೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಕೇಳಲು ಹಿತವಾಗಿದೆ, ಹೊಗಳಿಕೆಯೆಲ್ಲ ನನಗೇ. ಆದರೆ ಇದರಲ್ಲಿ ಎರಡು ಮಾತು ಸೇರಿಕೊಂಡಿವೆ. ತಾಯಿ ಬಿಟ್ಟುಹೋಗಿತ್ತು ಅನ್ನುವುದು ಒಂದು, ನಾನು ಉಳಿಸಿದೆ ಅನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಬೇಸಿಗೆ ರಜೆಗೆ ಕೊಪ್ಪಳದ ಶಾಲೆಯಿಂದ ಯಲಬುರ್ಗಾ ಕಡೆಯ ನಮ್ಮ ಊರಿಗೆ ಬಂದಿದ್ದೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಉರ್ದುವಿನಲ್ಲಿ ಬಹಸ್ ಮಾಡಿ ಗೆದ್ದವನು, ಊರಿನಲ್ಲಿ ಕನ್ನಡದಲ್ಲೂ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಮಳೆ ಬಿದ್ದು ಎರೆಹೊಲ ಹದಕ್ಕೆ ಬಂದಿತ್ತು. ಕಾಕಾ ಮುಂಜಾನೆಯಿಂದ ಕುಂಟೆ ಹೊಡೆಯುತ್ತಿದ್ದರು. ಅದರ ಅಗಲವಾದ ಕಬ್ಬಿಣದ ಅಲಗು ಎತ್ತುಗಳ ಹಿಂದೆ ಮಣ್ಣನ್ನು ಸವರುತ್ತ ಬರುತ್ತಿತ್ತು. ಹೊಲದ ನಡುವೆ ಒಂದು ಕಂಬಳಿ ಹಾಸುವಷ್ಟು ಜಾಗವನ್ನು ಮಾತ್ರ ಸುತ್ತುಹಾಕಿ ಬಿಟ್ಟಿದ್ದರು. ಅಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೇ ತತ್ತಿ ಇಟ್ಟಿತ್ತು. ಟಿಟ್ಟಿಭದ ತತ್ತಿಯ ಮೇಲೆ ಕುಂಟೆ ಹಾಯಿಸುವ ಪದ್ಧತಿ ನಮ್ಮಲ್ಲಿಲ್ಲ.

ಆ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಎತ್ತುಗಳ ಎದುರಿಗೇ, ಒಂದು ಮಣ್ಣುಹೆಂಟೆಗೆ ಕಣ್ಣು ಇದ್ದಂತೆ ಕಂಡಿತು.

"ಕಾಕಾ, ನಿಂದರ್ರಿ!"

ಮರಿ ಕುತ್ತಿಗೆ ಚಾಚಿ ನೆಲಕ್ಕೆ ಅಂಟಿಕೊಂಡಿತ್ತು. ಮುಟ್ಟಿದರೂ ಅಲ್ಲಾಡಲಿಲ್ಲ. ಟೋಪಿಯಲ್ಲಿ ಹಾಕಿಕೊಂಡು ಬದುವಿಗೆ ತಂದೆ. ಬುತ್ತಿ ತಂದಿದ್ದ ಚಿಗವ್ವ ಹಣೆ ಚಚ್ಚಿಕೊಂಡಳು.

"ಕೈಲೆ ಮುಟ್ಟಿದೇನೋ? ಆತು ಬಿಡು. ಮನಿಶ್ಯಾರ ವಾಸನಿ ಹತ್ತಿದ್ರ ತಾಯಿ ಕೂಡಿಸ್ಕೊಳ್ಳಂಗಿಲ್ಲ."

"ಯಾರು ನೋಡ್ಯಾರ ಚಿಗವ್ವಾ?"

"ಎಲ್ಲಾರೂ ಹೇಳ್ತಾರಪಾ."

"ಹೇಳಾವ್ರು ಎಲ್ಲಾರೂ. ನೋಡಿದಾವ್ರು ಒಬ್ಬರೂ ಇಲ್ಲ!"

"ಬಂತಪಾ ಕಚೇರಿ ಹೊಲಕ್ಕ," ಎಂದರು ಕಾಕಾ. "ಆ ಎತ್ತಿನ ಕೂಡ ಬಹಸ್ ಮಾಡು ಹೋಗು. ಅವು ಗೆದ್ರ ನಿನ್ನ ನೊಗಕ್ಕ ಹೂಡ್ತೇನಿ."

ನನ್ನ ವಾದ ಸಿದ್ಧವಾಗಿತ್ತು. ಮರಿ ಅಲ್ಲಾಡುವುದಿಲ್ಲ, ಆದ್ದರಿಂದ ಅದಕ್ಕೆ ರೋಗ. ಹತ್ತಿರ ತಾಯಿ ಇಲ್ಲ, ಆದ್ದರಿಂದ ಅದು ತಬ್ಬಲಿ. ಮನೆಗೆ ಒಯ್ಯಬೇಕು. ಚಿಗವ್ವ ಕೋಳಿಮರಿಗೆ ಮುಚ್ಚುವಂತೆ ಬುತ್ತಿಯ ಬುಟ್ಟಿಯನ್ನೇ ಅದರ ಮೇಲೆ ಮುಚ್ಚಿದಳು. ನಾನು ಬುಟ್ಟಿ ಸರಿಸಿ, ರೊಟ್ಟಿಯ ಚೂರು ನೀರಲ್ಲಿ ನೆನೆಸಿ ಕೊಕ್ಕಿಗೆ ಹಿಡಿದೆ. ಅದು ಬಾಯಿ ತೆರೆಯಲಿಲ್ಲ. ತಲೆಯ ಮೇಲೆ ಎರಡು ಟಿಟ್ಟಿಭ ಕಿರುಚುತ್ತ ಸುತ್ತುತ್ತಿದ್ದವು.

"ಅವು ಬ್ಯಾರೆ ಯಾವವೋ ಇರಬಹುದು," ಎಂದೆ.

"ಬ್ಯಾರೆ ಇದ್ರ ನಿನ್ನ ತಲಿಗ್ಯಾಕ ಎರಗತಾವ? ನಿನ್ನ ಭಾಷಣ ಕೇಳಾಕ?" ಎಂದರು ಕಾಕಾ.

ಆಗ ಒಂದು ಸಂಗತಿ ಹೊಳೆದು ಸಿಟ್ಟೂ ಬಂತು: ಚಿಗವ್ವನ ಮಾತು ನಿಜವಾದರೂ ತಾಯಿ ಬರುವುದಿಲ್ಲ, ನನ್ನ ಮಾತು ನಿಜವಾದರೂ ಬರುವುದಿಲ್ಲ. ಜಗಳವಾಡುತ್ತಲೇ ನಾವಿಬ್ಬರೂ ಒಂದೇ ಪಕ್ಷದಲ್ಲಿದ್ದೆವು. ಪರೀಕ್ಷೆಗೆ ದಾರಿ ಒಂದೇ. ಮರಿಯನ್ನು ಹೊಲದಲ್ಲಿ ಬಿಟ್ಟು ದೂರ ಹೋಗಬೇಕು. ತಾಯಿ ಬಾರದಿದ್ದರೆ ಆ ಬಿಸಿಲಿಗೆ ಮರಿ ಸಾಯುತ್ತದೆ. ವಾದದಲ್ಲಿ ನಾನೇ ಸೋಲಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಮರಿಯನ್ನು ಕುಂಟೆ ಹೊಡೆದಾದ ಮಣ್ಣಿನ ಮೇಲೆ ಇಟ್ಟೆ. ಕಾಕಾ ಎತ್ತು ಬಿಚ್ಚಿದ ಮೇಲೆ ಮೂವರೂ ದೂರದಲ್ಲಿ ನಿಲ್ಲಿಸಿದ್ದ ಬಂಡಿಯ ಹಿಂದೆ ಹೋಗಿ ಕೂತೆವು. ಹಕ್ಕಿಗಳ ಕೂಗು ನಿಂತಿತು. ಒಂದು ಹಕ್ಕಿ ಎಲ್ಲೋ ದೂರ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು, ಏನೂ ಗೊತ್ತಿಲ್ಲದಂತೆ ಅತ್ತಿತ್ತ ನೋಡಿತು. ಮತ್ತೆ ಓಡಿತು. ಆಮೇಲೆ ಅದುವರೆಗೆ ನಾನು ಕೇಳಿರದ ಒಂದು ಸಣ್ಣ ದನಿ ಹೊರಡಿಸಿತು.

ನನ್ನ ರೋಗಿ ಎದ್ದು ನಿಂತಿತು. ಕಡ್ಡಿಯಂಥ ಉದ್ದ ಕಾಲುಗಳು. ಓಡಿಹೋಗಿ ತಾಯಿಯ ಹೊಟ್ಟೆಯಡಿ ನುಗ್ಗಿತು.

"ಯವ್ವಾ, ಹೆಂಗ ಓಡತೈತಿ ನೋಡ!" ಎಂದಳು ಚಿಗವ್ವ, ತಾನು ಸೋತದ್ದನ್ನೂ ಮರೆತು.

ಕಾಕಾ ನಗುತ್ತ ಮತ್ತೆ ಎತ್ತು ಹೂಡತೊಡಗಿದರು. ತಮ್ಮ ಕುಂಟೆಗೆ ಈವರೆಗೆ ಒಂದು ಹಕ್ಕಿಯೂ ಸಿಕ್ಕಿಲ್ಲವೆಂದು ಅವರಿಗೆ ಭಾಳ ಹೆಮ್ಮೆ. ನಾನು ಅವರು ಬಿಟ್ಟಿದ್ದ ಜಾಗಕ್ಕೆ ಹೋಗಿ ಬಗ್ಗಿ ನೋಡಿದೆ. ಅಂಗೈಯಷ್ಟು ಗುಳಿ, ಸುತ್ತ ಒಂದಿಷ್ಟು ಹರಳು. ತತ್ತಿ ಇರಲಿಲ್ಲ, ಮರಿಯೂ ಇರಲಿಲ್ಲ. ನಾಲ್ಕು ತತ್ತಿ ಇಡುವ ಹಕ್ಕಿ, ನಮಗೆ ಕಂಡದ್ದು ಒಂದೇ ಮರಿ. ನನ್ನ ಹಿಂದೆ ಅರ್ಧ ಹೊಲ ಆಗಲೇ ಕುಂಟೆಯಡಿ ನುಣ್ಣಗಾಗಿತ್ತು.

"ಕಾಕಾ," ಎಂದೆ, "ತತ್ತಿ ಒಡದಮ್ಯಾಲ ಮರಿ ಎಲ್ಲಿರ್ತಾವ ಅಂತ ತಿಳಕೊಂಡು ಮುಂಜಾನಿಂದ ಕುಂಟಿ ಹೊಡದ್ರಿ?"