ಅಮಾವಾಸ್ಯೆಗೊಮ್ಮೆ ಆಯಿಲ್ಲು

ನನ್ನ ತಮ್ಮನ ಮಾತೆತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ‘ಹೋಗ್ಲಿ ಬಿಡಮ್ಮ, ಹಳೇ ಕತೆ’ ಎನ್ನುತ್ತಾರೆ ಮಕ್ಕಳು. ಹಳೇ ಕತೆಯಂತೆ! ಅವರಪ್ಪನಿಗೆ ಕಳ್ಳ ಅನ್ನುವ ಹೆಸರು ಅಂಟಿದ್ದು ಈ ಕತೆಯಿಂದಲೇ. ಅದನ್ನು ನಾನು ಬಿಡಬೇಕಂತೆ.

ಎಪ್ಪತ್ತರ ದಶಕದ ಮಾತು. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಒಂದು ಊರಿನಲ್ಲಿ ನಾವಿದ್ದೆವು. ಆಗ ಅಲ್ಲಿ ಸೇತುವೆ ಇರಲಿಲ್ಲ. ಮೊದಲೆಲ್ಲ ಹರಿಗೋಲಿನಲ್ಲೇ ದಾಟುತ್ತಿದ್ದರು. ಆಮೇಲೆ ಮಳವಳ್ಳಿಯ ಸಾಹುಕಾರರೊಬ್ಬರು ಹೊಳೆ ದಾಟಿಸುವ ಕಡವಿನ ಗುತ್ತಿಗೆ ಹಿಡಿದು, ಅಗಲವಾದ ಮರದ ದೋಣಿಗೆ ಡೀಸೆಲ್ ಎಂಜಿನ್ ಕೂರಿಸಿ ಬಿಟ್ಟರು. ಗದ್ದೆಗೆ ನೀರೆತ್ತುವ ಎಂಜಿನ್ನಿನ ಜಾತಿಯದೇ. ಭತ್ತದ ಮೂಟೆ, ಸೈಕಲ್ಲು, ಮದುವೆ ದಿಬ್ಬಣ, ಕುರಿಮಂದೆ ಎಲ್ಲವನ್ನೂ ಆಚೆ ದಡ ಮುಟ್ಟಿಸುತ್ತಿತ್ತು. ಅದರ ಡ್ರೈವರು ನಮ್ಮ ಮನೆಯವರು. ಎಂಜಿನ್ ಡ್ರೈವರನ ಹೆಂಡತಿ ಅಂತ ನನಗೂ ಊರಿನಲ್ಲಿ ಒಂದು ತೂಕ ಇತ್ತು. ಸುಳ್ಳೇಕೆ ಹೇಳಲಿ, ಅದು ನನಗೆ ಹಿತವಾಗಿತ್ತು.

ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಇಷ್ಟು ಗಂಟೆ ಓಡಿದ ಮೇಲೆ ಆಯಿಲ್ ಬದಲಾಯಿಸಿ ಅಂತ ಇತ್ತಂತೆ. ನಮ್ಮ ದೋಣಿಯಲ್ಲಿ ಗಂಟೆ ಎಣಿಸುವವರು ಯಾರು? ಅಮಾವಾಸ್ಯೆ ದಿನ ನಮ್ಮ ಕಡೆ ನೇಗಿಲನ್ನೂ ಹೂಡುವುದಿಲ್ಲ, ದೋಣಿಯನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಅಮಾವಾಸ್ಯೆಗೊಮ್ಮೆ ಆಯಿಲ್ಲು ಅಂತ ನಮ್ಮವರು ಗೊತ್ತು ಮಾಡಿಬಿಟ್ಟರು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬಿಸಿ ಇರುವಾಗಲೇ ಹಳೆಯದನ್ನು ಇಳಿಸಬೇಕು. ಆಗ ಕೊಳೆಯೆಲ್ಲ ಅದರ ಜೊತೆಗೇ ಬಂದುಬಿಡುತ್ತದೆ. ಫಿಲ್ಟರನ್ನೂ ಆಗಲೇ ಹೊಸದು ಹಾಕಬೇಕು. ಫಿಲ್ಟರು ಒಂದು ಸಲ ಬಿಟ್ಟು ಒಂದು ಸಲ ಹಾಕಿದರೆ ಸಾಲದೆ ಅಂತ ಸಾಹುಕಾರರು ಒಮ್ಮೆ ಕೇಳಿದ್ದಕ್ಕೆ ಇವರು, ‘ಸ್ನಾನ ಮಾಡಿ ಕೊಳೆ ಬಟ್ಟೆ ಉಟ್ಕಂಡಂಗಾಯ್ತದೆ ಸಾವ್ಕಾರ್ರೇ’ ಅಂದಿದ್ದರು.

ಈ ಆಯಿಲ್ಲು, ಫಿಲ್ಟರು ತಂದು ಹಾಕುವ ಕೆಲಸವನ್ನು ನನ್ನ ತಮ್ಮನಿಗೆ ಕೊಡಿಸಿದವಳು ನಾನೇ. ‘ಮದ್ದೂರಲ್ಲಿ ನನ್ ತಮ್ಮ ಸೆಡ್ಡು ಮಡಗವ್ನೆ, ಬಸ್ಸು ಲಾರಿ ಎಲ್ಲಾನೂ ಬಿಚ್ತಾನೆ, ಅವನಿಗೇ ಕೊಡಿ’ ಅಂತ ಸಾಹುಕಾರರ ಮುಂದೆ ಬಾಯಿಬಿಟ್ಟು ಕೇಳಿದ್ದೆ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ಅವನು. ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅಪ್ಪ ಅವ್ವ ಇಬ್ಬರನ್ನೂ ನೋಡಿಕೊಳ್ಳುತ್ತಿದ್ದವನೂ ಅವನೇ. ಸಾಹುಕಾರರ ಲೆಕ್ಕದಲ್ಲಿ ಕೊಂಡ, ಸೀಲು ಒಡೆಯದ ಆಯಿಲ್ ಡಬ್ಬ ಹಿಡಿದು ಅಮಾವಾಸ್ಯೆ ಬೆಳಿಗ್ಗೆ ಬಸ್ಸಿಳಿಯುತ್ತಿದ್ದ. ಇನ್ನೊಂದು ಕೈಯಲ್ಲಿ ಸಾಮಾನಿನ ಡಬ್ಬ ಅಂತ ಮತ್ತೊಂದು. ‘ದಿನಾ ಗೇಯ್ತೀರಿ ಭಾವ, ಇವತ್ತಾರ ಕಾಲು ಚಾಚ್ಕಳಿ, ನಾ ನೋಡ್ಕತ್ತೀನಿ’ ಅಂತ ಇವರನ್ನು ಮನೆಗೆ ಅಟ್ಟುತ್ತಿದ್ದ. ಇಳಿಸಿದ ಕರಿ ಆಯಿಲ್ಲಿಗೆ ಊರಿನವರು ದಡದಲ್ಲಿ ಮುತ್ತಿಕೊಳ್ಳುತ್ತಿದ್ದರು. ಗಾಡಿ ಅಚ್ಚಿಗೆ ಬೇಕು, ಗೆದ್ದಲು ಹತ್ತಿದ ಬಾಗಿಲಿಗೆ ಬೇಕು. ಎಲ್ಲರಿಗೂ ನಗುನಗುತ್ತಾ ಹುಯ್ದು ಕೊಡುತ್ತಿದ್ದ. ಆಮೇಲೆ ಮನೆಗೆ ಬಂದರೆ ನಾನು ಬಿಸಿ ಮುದ್ದೆ, ಅವರೆಕಾಳು ಸಾರು ಇಕ್ಕಿ, ‘ಇನ್ನೊಂದ್ ತುತ್ತು ಉಣ್ಲಾ’ ಅಂತ ಗೋಗರೆಯುತ್ತಿದ್ದೆ. ಥೂ, ನೆನೆಸಿಕೊಂಡರೆ ಆ ಮುದ್ದೆ ತೊಳಸಿದ ಕೈಯ ಮೇಲೇ ಸಿಟ್ಟು ಬರುತ್ತದೆ.

ಒಂದು ಸಲ ಅಮಾವಾಸ್ಯೆಯ ಮಾರನೇ ದಿನ ಇವರು ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದರೆ ಮಸಿಯಂತೆ ಕಪ್ಪು. ಮುಂದಿನ ಸಲ ತಮ್ಮನನ್ನು ಕೇಳಿದರು. ‘ಡೀಸಲ್ ಎಂಜಿನ್ನಲ್ಲಿ ಎಂಥ ಒಳ್ಳೆ ಆಯಿಲ್ಲಾದ್ರೂ ಒಂದೇ ದಿನಕ್ಕೆ ಕರ್ರಗಾಯ್ತದೆ ಭಾವ, ಯಾರನ್ನಾರ ಕೇಳಿ’ ಅಂದ. ಅದೇನು ಸುಳ್ಳಲ್ಲ, ಎಲ್ಲ ಮೆಕ್ಯಾನಿಕ್ಕುಗಳೂ ಹಾಗೇ ಹೇಳುತ್ತಾರೆ. ಆ ನಿಜದ ಮರೆಯಲ್ಲೇ ಅವನು ನಮ್ಮ ಕಣ್ಣಿಗೆ ಮಣ್ಣೆರಚಿದ್ದು.

ಆ ವರ್ಷದ ಆಯುಧಪೂಜೆಗೆ ಅವನ ಜೊತೆ ಅವ್ವನೂ ಬಂದಳು. ಅಮಾವಾಸ್ಯೆಗೆ ಕಾಯುವುದು ಬೇಡ, ಹಬ್ಬದ ದಿನವೇ ಹೊಸದು ಹಾಕೋಣ ಅಂತ ಇವರು ಹೇಳಿ ತರಿಸಿದ್ದರು. ಅವ್ವ ಎಂಜಿನ್ನಿನ ಚಕ್ರಕ್ಕೆ, ದೋಣಿ ನೂಕುವ ಗಣೆಗೆ ಅರಿಶಿನದ ದಾರ ಕಟ್ಟಿದಳು. ಕೊನೆಗೆ ಹೊಸ ಫಿಲ್ಟರನ್ನೂ ಪೆಟ್ಟಿಗೆಯಿಂದ ತೆಗೆಸಿ ಅದರ ನಡುವಿಗೊಂದು ಸುತ್ತಿ ಗಂಟು ಹಾಕಿದಳು.

‘ಅದು ಆಯಿಲ್ಲೊಳಗೆ ಮುಳುಗೋಯ್ತದೆ ಕಣವ್ವ’ ಅಂತ ತಮ್ಮ ನಕ್ಕ.

‘ಮುಳುಗ್ಲಿ ಬುಡು. ದೇವ್ರ ದಾರ ಕಿತ್ತಾಕ್ಬೇಡಿ’ ಅಂದಳು ಅವ್ವ.

ಅವತ್ತು ಇವರೇ ಮುಂದೆ ನಿಂತಿದ್ದರು. ದಾರದ ಸಮೇತ ಫಿಲ್ಟರನ್ನು ಎಂಜಿನ್ನಿಗೆ ಅಂಟಿಕೊಂಡ ಅದರ ಬಟ್ಟಲಿನಲ್ಲಿ ಕೂರಿಸಿ ತಿರುಪು ಬಿಗಿದವರೂ ಇವರೇ. ಅಲ್ಲಿಂದಾಚೆಗೆ ದೀಪಾವಳಿ ಅಮಾವಾಸ್ಯೆ ಬಂತು, ಮತ್ತೂ ಅಮಾವಾಸ್ಯೆಗಳು ಬಂದವು. ತಮ್ಮನೂ ತಪ್ಪದೆ ಬಂದ, ಉಂಡ, ಹೋದ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಭತ್ತದ ಮೂಟೆ ಹೇರಿಕೊಂಡು ಹೊರಟ ದೋಣಿ ನಡುಹೊಳೆಯಲ್ಲಿ ಕಟಕಟ ಅಂತ ಕೆಟ್ಟ ಸದ್ದು ಮಾಡಿ ನಿಂತುಬಿಟ್ಟಿತು. ಹೊಳೆ ಇಳಿದಿತ್ತು, ಗಣೆ ಹಾಕಿ ದಡ ಸೇರಿಸಿದರು. ಸಾಹುಕಾರರು ಮಂಡ್ಯದಿಂದ ವಯಸ್ಸಾದ ಸಾಬರೊಬ್ಬರನ್ನು ಎಂಜಿನ್ ಬಿಚ್ಚಲು ಕರೆಸಿ, ತಾವೂ ಎದುರಿಗೇ ಕೂತರು. ಒಳಗೆ ಬೇರಿಂಗು ಸವೆದು ಹೋಗಿತ್ತು. ಆಯಿಲ್ಲು ಟಾರಿನಂತೆ ಗಟ್ಟಿಯಾಗಿತ್ತು. ಸಾಬರು ಫಿಲ್ಟರಿನ ಬಟ್ಟಲು ಬಿಚ್ಚಿ ಒಳಗಿನದನ್ನು ಎಳೆದು, ‘ಇದೇನಮ್ಮ, ಫಿಲ್ಟರ್‌ಗೆ ದಾರ ಕಟ್ಟಿದೀರಾ?’ ಅಂತ ಪಕ್ಕದಲ್ಲೇ ನಿಂತಿದ್ದ ನನ್ನನ್ನು ಕೇಳಿದರು.

ನಾನು ಬಗ್ಗಿ ನೋಡಿದೆ. ಅವ್ವ ಕಟ್ಟಿದ ದಾರ. ಆಯುಧಪೂಜೆಯಲ್ಲಿ ಹಾಕಿದ ಫಿಲ್ಟರೇ ಇದು. ಹಾಗಾದರೆ ಅಷ್ಟೊಂದು ಅಮಾವಾಸ್ಯೆಗಳಲ್ಲಿ ಇವನು ಮಾಡಿದ್ದೇನು? ಊರಿಗೆಲ್ಲ ಹಂಚಿದ ಕರಿ ಆಯಿಲ್ಲು ಎಲ್ಲಿಂದ ಬಂತು? ಆಗ ಆ ಸಾಮಾನಿನ ಡಬ್ಬದ ಗುಟ್ಟು ಹೊಳೆಯಿತು. ತನ್ನ ಸೆಡ್ಡಿನಲ್ಲಿ ಬಸ್ಸು ಲಾರಿಯಿಂದ ಇಳಿದ ಕೊಳಕನ್ನು ಅದರಲ್ಲಿ ತಂದು ಜನರಿಗೆ ಹುಯ್ದು, ನಮ್ಮ ಎಂಜಿನ್ನನ್ನು ಮುಟ್ಟದೆ, ಹೊಸ ಆಯಿಲ್ಲು, ಫಿಲ್ಟರು ಹಾಗೇ ವಾಪಸ್ಸು ಒಯ್ದು ಮಾರಿಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೇಳಿ ಕಳಿಸಿದಾಗ ಬಂದ. ಕಾಲಿಗೆ ಬೀಳುತ್ತಾನೆ, ನಾಲ್ಕು ಬಡಿದು ಸಾಹುಕಾರರನ್ನು ಬೇಡಿಕೊಳ್ಳೋಣ ಅಂದುಕೊಂಡಿದ್ದೆ. ಅವನು ಸಾಹುಕಾರರ ಮುಂದೆ ನೆಟ್ಟಗೆ ನಿಂತ. ‘ಪ್ರತಿ ಅಮಾಸೆಗೂ ನನ್ ಕೈಯಾರ ಬದ್ಲಾಯ್ಸಿದೀನಿ. ಇಡೀ ಊರೇ ನೋಡ್ಯದೆ. ಈ ದಾರಾನ ಹೋದ ಅಮಾಸೆ ಅಕ್ಕನೇ ಕಟ್ಟಿಕೊಟ್ಟಿದ್ದು. ಎಂಜಿನ್ನಿಂದ ಒಳ್ಳೆ ಆಯಿಲ್ಲು ಬಸಿಕಂಡು, ಕೊಳಕು ತುಂಬಿ, ಭಾವನೇ ಮಾರ್ಕಂಡಿರ್ಬೇಕು.’

‘ಏನ್ಲಾ ಅಂದೆ? ಹಬ್ಬದಲ್ಲಿ ಅವ್ವ ಕಟ್ಟಿದ ದಾರ ಕಣ್ಲಾ ಅದು! ಉಂಡ ಮನೆ ಜಂತೆ ಎಣಿಸ್ತೀಯೇನ್ಲಾ ಮನೆಹಾಳ!’ ಅಂತ ನಾನು ಮೇಲೆ ಬಿದ್ದೆ. ಇವರು ನನ್ನ ರಟ್ಟೆ ಹಿಡಿದುಕೊಂಡರು.

ಸಾಹುಕಾರರು ಕೆಟ್ಟವರಲ್ಲ. ಯೋಚನೆ ಮಾಡಿ ನನ್ನ ಕಡೆ ತಿರುಗಿ, ‘ದಾರ ಕಟ್ಟಿದ್ದು ನಿಮ್ಮವ್ವ ಅಂತೀಯ. ಆ ತಾಯಿ ಹಬ್ಬ ಬಿಟ್ಟರೆ ಈ ಕಡೆ ಬಂದೇ ಇಲ್ಲ, ಅವರು ಕಟ್ಟಿದ್ದೇ ಆದರೆ ಇದು ಹಬ್ಬದ ಫಿಲ್ಟರೇ. ಅವರೇ ಹೇಳಲಿ, ಅವರ ಮಾತೇ ಕೊನೆ’ ಅಂದರು. ನನಗೆ ಹೋದ ಜೀವ ಬಂದಂತಾಯಿತು. ನಮ್ಮವ್ವ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಮಾರನೇ ದಿನ ಸಾಹುಕಾರರು, ಇವರು, ನಾನು ಬಸ್ಸಿನಲ್ಲಿ ಮದ್ದೂರಿಗೆ ಹೋದೆವು. ಅವ್ವ ಜಗುಲಿಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಒಳಗೆ ಹಾಸಿಗೆಯಲ್ಲಿ ಅಪ್ಪ ಕೆಮ್ಮುತ್ತಿದ್ದ. ಕಾಗದದಲ್ಲಿ ಸುತ್ತಿದ್ದ ಫಿಲ್ಟರನ್ನು ಬಿಚ್ಚಿ ಸಾಹುಕಾರರು ಮೊರದ ಪಕ್ಕ ಇಟ್ಟು, ‘ಈ ದಾರ ನೀವು ಕಟ್ಟಿದ್ದಾ ತಾಯಿ?’ ಅಂತ ಮೆಲ್ಲಗೆ ಕೇಳಿದರು.

ಅವ್ವ ಅದನ್ನು ನೋಡಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿದಳು. ಆಮೇಲೆ ಮೊರಕ್ಕೆ ಮುಖ ಹಾಕಿ, ‘ನಾನು ಚಕ್ರಕ್ಕೆ ಕಟ್ಟಿದ್ದೆ. ಇದನ್ನ ನಾ ಕಂಡೇ ಇಲ್ಲ’ ಅಂದಳು.

‘ಅವ್ವಾ!’ ಅಂತ ಕಿರುಚಿದೆ. ‘ದೇವ್ರ ದಾರ ಕೀಳ್ಬೇಡಿ ಅಂದೋಳು ನೀನೇ ಅಲ್ವಾ? ನನ್ ತಲೆ ಮುಟ್ಟಿ ಯೇಳು!’ ಅವಳು ಅಕ್ಕಿ ಕೇರುತ್ತಲೇ ಇದ್ದಳು. ಸಾಹುಕಾರರು ಎದ್ದು, ಎಂಜಿನ್ ತಿರುವುವ ಹ್ಯಾಂಡಲನ್ನು ನಾಳೆ ಮಳವಳ್ಳಿಯ ಮನೆಗೆ ತಂದು ಒಪ್ಪಿಸಬೇಕು ಅಂತ ಇವರಿಗೆ ಹೇಳಿದರು. ಇವರು ಹೂಂ ಅಂದರು. ಅಷ್ಟೇ, ದೋಣಿ ಕೆಲಸ ಹೋಯಿತು, ಕಳ್ಳ ಅನ್ನುವ ಹೆಸರು ಉಳಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವರಿಬ್ಬರೂ ಬಸ್ಸು ಹತ್ತಿದರು. ನಾನು ಹತ್ತಬೇಕು, ಅವ್ವ ಕುಂಕುಮದ ಭರಣಿ ಹಿಡಿದು ಏದುಸಿರು ಬಿಡುತ್ತಾ ಬಂದಳು. ಮಗಳನ್ನು ಬರಿಹಣೆಯಲ್ಲಿ ಕಳಿಸಬಾರದಲ್ಲ, ಅದಕ್ಕೆ.

‘ಕಟ್ಟಿದ್ದು ನಾನೇ ಕಣವ್ವ’ ಅಂದಳು. ‘ನಿಂಗೆ ಕೈಕಾಲು ಗಟ್ಟಿ ಇರೋ ಗಂಡ ಅವ್ನೆ, ಎಲ್ಲಾದ್ರೂ ಗೇಯ್ದು ತಂದಾಕ್ತಾನೆ. ನಿಮ್ಮಪ್ಪುಂಗೂ ನಂಗೂ ಹಿಟ್ಟು ಇಕ್ಕೋನು ಇವ್ನೊಬ್ನೇ ಅಲ್ವಾ?’

ನಾನು ಕುಂಕುಮಕ್ಕೆ ಹಣೆ ಕೊಡಲಿಲ್ಲ. ದಡದಡ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿದ್ದ ಸಾಹುಕಾರರ ಹತ್ತಿರ ಹೋಗಿ, ‘ಈಗ ಒಪ್ಕಂಡ್ಲು ಸಾವ್ಕಾರ್ರೇ, ನಾನೇ ಕಟ್ಟಿದ್ದು ಅಂದ್ಲು’ ಅಂದೆ. ಅವರು ನನ್ನ ಕಡೆ ಮರುಕದಿಂದ ನೋಡಿದರು. ‘ಅದನ್ನ ನೀನು ಹೇಳಿದರೆ ಏನು ಬಂತಮ್ಮ? ಅವರು ಹೇಳಬೇಕು’ ಅಂದರು.

ನಾನು ಕಿಟಕಿಗೆ ಹಾರಿದೆ. ಅವ್ವ ಭರಣಿ ಹಿಡಿದು ಅಲ್ಲೇ ನಿಂತಿದ್ದಳು. ‘ಅವ್ವಾ, ಒಂದ್ ಗಳಿಗೆ ಬಾ! ಇಲ್ಲಿ ಬಂದು ಅದೊಂದ್ ಮಾತು ಯೇಳ್ಬುಟ್ಟು ಓಗು!’ ಅಂತ ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಅವಳಿಗೆ ಕೇಳಿಸಿತು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಮನೆ ಕಡೆ ತಿರುಗಿದಳು.