ತಂಗಿಯ ಕ್ರೀಮು ಕೆಡಲೇ ಇಲ್ಲ

ಕ್ರೀಮು ಮಾಡುವುದು ಒಂದು ಕೆಲಸವಾದರೆ, ಮಾಡಿದ ಕ್ರೀಮು ಯಾವಾಗ ಕೆಡುತ್ತದೆ ಎಂದು ಕಾದು ಕೂರುವುದು ಇನ್ನೊಂದು ಕೆಲಸ. ಇದೂ ಒಂದು ಕೆಲಸವೇ, ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಮೂಗು ಮುರಿಯಬೇಡಿ. ಕೊಡುತ್ತಾರೆ. ಈ ಕಥೆಯ ಅಕ್ಕ ಆ ಕೆಲಸದಲ್ಲೇ ತಲೆಗೂದಲು ನರೆಸಿಕೊಂಡವಳು. ಮುಖದ ಕ್ರೀಮು, ಶಾಂಪೂ ತಯಾರಿಸುವ ಒಂದು ಫ್ಯಾಕ್ಟರಿಯ ಹಿಂಭಾಗದಲ್ಲಿ, ಬಾಯ್ಲರಿನ ಗೋಡೆಗೆ ಅಂಟಿಕೊಂಡಂತೆ ಅವಳ ಕೋಣೆ. ಅಲ್ಲಿ ಒಳಗೆ ಸದಾ ಬಿಸಿ ಇರುವ ಎರಡು ಬಿಸಿ ಬೀರು, ಒಂದು ಫ್ರಿಜ್ಜು, ಬಿಸಿಲು ಬೀಳುವ ಒಂದು ಕಿಟಕಿ. ಹೊಸ ಕ್ರೀಮು ಯಾವುದೇ ಇರಲಿ, ಅಂಗಡಿಯ ಮುಖ ನೋಡುವ ಮೊದಲು ಅದರ ಒಂದು ಡಬ್ಬಿ ಬೀರುವಿನಲ್ಲಿ ಬೇಯಬೇಕು, ಇನ್ನೊಂದು ಫ್ರಿಜ್ಜಿನಲ್ಲಿ ನಡುಗಬೇಕು, ಮತ್ತೊಂದು ಕಿಟಕಿಯಲ್ಲಿ ಬಿಸಿಲು ಕಾಯಬೇಕು. ಅಕ್ಕ ವಾರವಾರ ಮುಚ್ಚಳ ತೆಗೆದು ನೋಡುವಳು, ಮೂಸುವಳು, ಬೆರಳಿನಲ್ಲಿ ತೀಡುವಳು. ಎಣ್ಣೆ ಮೇಲೆ ಬಂತೇ, ನೀರು ಬಿಟ್ಟಿತೇ, ಬಣ್ಣ ತಿರುಗಿತೇ, ಬೂಷ್ಟು ಹಿಡಿಯಿತೇ? ಬಿಸಿಯಲ್ಲಿ ಕೆಲವು ತಿಂಗಳು ತಾಳಿಕೊಂಡದ್ದು ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ತಾಳುತ್ತದೆ ಎಂಬುದು ಆ ಕೆಲಸದವರ ಅಂದಾಜು. ತಾಳದೆ ಹೋದರೆ ಯಾಕೆ ತಾಳಲಿಲ್ಲ ಎಂದು ಹುಡುಕುವುದೂ ಅವಳ ತಲೆಗೇ.

ಪ್ಯಾಕಿಂಗ್ ವಿಭಾಗದವರು ಅವಳಿಗೆ 'ಡಬ್ಬಿ ಮೇಡಂ' ಎಂದು ಹೆಸರಿಟ್ಟಿದ್ದರು. ಮನೆಗೆ ಬಂದರೂ ಅವಳ ಚಟ ಬಿಡುತ್ತಿರಲಿಲ್ಲ. ಹಾಲಿನ ಪಾತ್ರೆ ಮೂಸುವಳು, ಎಣ್ಣೆ ಬಾಟಲಿಯನ್ನು ಬೆಳಕಿಗೆ ಹಿಡಿಯುವಳು, ನೆಂಟರು ತಂದ ಬಿಸ್ಕತ್ತಿನ ಪೊಟ್ಟಣವನ್ನು ಅವರೆದುರಿಗೇ ತಿರುಗಿಸಿ ತಾರೀಖು ಓದುವಳು.

"ನನ್ನನ್ನೂ ಒಂದ್ಸಲ ಆ ಬೀರುವಿನಲ್ಲಿಟ್ಟು ನೋಡೇ, ಇನ್ನೆಷ್ಟು ವರ್ಷ ಬಾಳಿಕೆ ಬರ್ತೀನಿ ಅಂತ ಗೊತ್ತಾಗ್ಲಿ," ಎಂದು ಗಂಡ ಚುಡಾಯಿಸುತ್ತಿದ್ದ.

"ನಿಮ್ಮನ್ನ ಇಟ್ರೆ ಬೀರು ಕೆಡುತ್ತೆ," ಎಂದು ಅವಳೂ ಬಿಡುತ್ತಿರಲಿಲ್ಲ.

ಯಾವ ಕ್ರೀಮು ಯಾವಾಗ ಕೈಕೊಡುತ್ತದೆ ಎಂಬುದು ಅವಳಿಗೆ ಮುಚ್ಚಳ ತೆಗೆಯುವ ಮೊದಲೇ ತಿಳಿದುಬಿಡುತ್ತಿತ್ತು. ಮನುಷ್ಯರ ವಿಷಯದಲ್ಲೂ ಹಾಗೇ ತಿಳಿಯುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ಎಡವಟ್ಟಾದದ್ದು ಅಲ್ಲೇ.

ಅವಳಿಗೊಬ್ಬಳು ತಂಗಿ. ಅಪ್ಪ ಇದ್ದಾಗ ಈ ಮಗಳನ್ನು 'ಅರೆಬರೆ' ಎಂದೇ ಕೂಗುತ್ತಿದ್ದ. ಹೊಲಿಗೆ ಕಲಿಯಲು ಹೋಗಿ ಒಂದು ತೋಳು ಹೊಲಿದು ಬಿಟ್ಟು ಬಂದಳು. ಮಕ್ಕಳಿಗೆ ಪಾಠ ಹೇಳುತ್ತೇನೆಂದು ಬೋರ್ಡು ಬರೆಸಿದಳು, ಬಣ್ಣ ಒಣಗುವ ಮೊದಲೇ ಬೇಜಾರಾಗಿ ಒಳಗಿಟ್ಟಳು. ಮದುವೆಯೂ ನಡುದಾರಿಯಲ್ಲೇ ಮುರಿದುಬಿತ್ತು. ಗಂಡನೆನಿಸಿಕೊಂಡವನು ಕುಡಿದು ಕೈ ಮಾಡುತ್ತಿದ್ದ. ಅದನ್ನೂ ಇವಳ ಅರೆಬರೆ ಬುದ್ಧಿಯ ಲೆಕ್ಕಕ್ಕೇ ಸೇರಿಸಿದ ನೆಂಟರಿಗೆ ನಾಚಿಕೆಯಾಗಬೇಕು. ಅಕ್ಕ ಮಾತ್ರ ಯಾವತ್ತೂ ಹಾಗೆ ಬಾಯಿಬಿಟ್ಟು ಅಂದವಳಲ್ಲ. ಮನಸ್ಸಿನಲ್ಲಿ ಅಂದುಕೊಂಡಿರಲಿಲ್ಲವೇ ಎಂದು ಕೇಳಿದರೆ, ಅದು ಬೇರೆ ಮಾತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ತಂಗಿ ಒಬ್ಬಳೇ ಇದ್ದಳು. ಒಂದು ದಿನ ಬೆಳಿಗ್ಗೆ ಅಕ್ಕನ ಮನೆಗೆ ಓಡಿ ಬಂದು ಅವಳ ಕೈಗೊಂದು ಡಬ್ಬಿ ಇಟ್ಟಳು. ಜೇನುಮೇಣ, ಬಾದಾಮಿ ಎಣ್ಣೆ, ಗುಲಾಬಿ ದಳ ಕುದಿಸಿದ ನೀರು ಸೇರಿಸಿ ತಾನೇ ಮಾಡಿದ ಮುಖದ ಕ್ರೀಮು. "ಅಕ್ಕ, ಇದನ್ನ ನಿನ್ನ ಬೀರುವಿನಲ್ಲಿ ಇಟ್ಟು ನೋಡು. ಪಾಸಾದ್ರೆ ಮಾರ್ತೀನಿ," ಎಂದಳು. ಕಣ್ಣು ಮಿನುಗುತ್ತಿದ್ದವು.

ಡಬ್ಬಿ ಬೀರುವಿನಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಒಡೆದ ಹಾಲಿನ ಹಾಗೆ ನೀರು ಬೇರೆ, ಎಣ್ಣೆ ಬೇರೆ. ತಂಗಿ ಇನ್ನು ಇದನ್ನೂ ಮೂಲೆಗೆ ಎಸೆಯುತ್ತಾಳೆ ಎಂದುಕೊಂಡೇ ಅಕ್ಕ ಕ್ರೀಮು ಒಡೆಯಿತೆಂದು ಹೇಳಿದಳು. ತಂಗಿ ಎಸೆಯಲಿಲ್ಲ. "ಯಾಕೆ ಒಡೀತು?" ಎಂದು ಕೇಳಿದಳು. ಬಿಸಿ ಎಣ್ಣೆಗೆ ತಣ್ಣಗಿನ ನೀರು ಸುರಿದರೆ ಒಡೆಯದೆ ಇನ್ನೇನು? ಎರಡನ್ನೂ ಒಂದೇ ಬಿಸಿಗೆ ತಂದು ಬೆರೆಸಬೇಕು, ಆರುವವರೆಗೂ ಕೈ ಬಿಡದೆ ತಿರುವುತ್ತಿರಬೇಕು, ಎಣ್ಣೆ ನೀರು ಎರಡನ್ನೂ ಹಿಡಿದು ಕಟ್ಟುವ ಮೇಣ ಇನ್ನಷ್ಟು ಬೇಕು ಎಂದು ಅಕ್ಕ ತೋರಿಸಿಕೊಟ್ಟಳು. ತಂಗಿ ರಟ್ಟೆ ಬಿದ್ದುಹೋಗುವಷ್ಟು ತಿರುವಿದಳು. ಮತ್ತೆ ಒಡೆಯಿತು, ಮತ್ತೆ ಮಾಡಿದಳು. ಕೊನೆಗೊಮ್ಮೆ ಕ್ರೀಮು ಗಟ್ಟಿಯಾಗಿ ನಿಂತಾಗ ಅಕ್ಕನಿಗೇ ನಂಬಿಕೆ ಬರಲಿಲ್ಲ.

ಆದರೆ ಬೂಷ್ಟು ಬಿಡಬೇಕಲ್ಲ! ಕೆಲವೇ ದಿನಗಳಲ್ಲಿ ಮುಚ್ಚಳದ ಅಂಚಿನಲ್ಲಿ ಕಪ್ಪು ಚುಕ್ಕಿ ಕಾಣಿಸಿಕೊಂಡಿತು. ಕ್ರೀಮಿನಲ್ಲಿ ನೀರಿದ್ದ ಮೇಲೆ ಬೂಷ್ಟು ಬಂದೇ ಬರುತ್ತದೆ. ಬರದಂತೆ ತಡೆಯಲು ಪ್ರಿಸರ್ವೇಟಿವ್ ಎಂಬ ಮದ್ದು ಹಾಕಬೇಕು. ಅಕ್ಕ ಹಾಗೆಂದದ್ದೇ ತಡ, ತಂಗಿ ಕೆಂಡವಾದಳು.

"ಅದೊಂದು ಬೇಡ ಅಂತ ತಾನೇ ಜನ ನನ್ನ ಹತ್ರ ಕೇಳ್ತಿರೋದು? ಅಂಗಡಿ ಕ್ರೀಮು ಹಚ್ಚಿ ಮುಖ ಸುಟ್ಕೊಂಡಿರೋರು ಎಷ್ಟು ಜನ ಇದಾರೆ ಗೊತ್ತಾ? ನಾನು ಹಾಕಲ್ಲ."

"ಹಾಕದೆ ಇದ್ರೆ ಕೆಡುತ್ತೆ ಕಣೇ."

"ಪಾತ್ರೆ ಇನ್ನೂ ಚೊಕ್ಕಟವಾಗಿ ತೊಳೀತೀನಿ. ಡಬ್ಬಿ ಕುದಿಸ್ತೀನಿ. ಹೇಗೋ ಮಾಡ್ತೀನಿ. ನೋಡ್ತಾ ಇರು."

ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಬೂಷ್ಟು ಬಂತು. ಪಾತ್ರೆ ಬದಲಾಯಿಸಿದಳು. ಬಂತು. ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಡಬ್ಬಿಯೊಳಗೆ ಇಣುಕಿದ ತಂಗಿಯ ಮುಖ ಸಣ್ಣಗಾಯಿತು. ಆ ಮುಖ ಅಕ್ಕನಿಗೆ ಚೆನ್ನಾಗಿ ಗೊತ್ತು. ಹೊಲಿಗೆ ಬಿಟ್ಟ ದಿನದ ಮುಖ, ಬೋರ್ಡು ಒಳಗಿಟ್ಟ ದಿನದ ಮುಖ. ಇನ್ನೊಂದು ಸಲ ಕೆಟ್ಟರೆ ಇವಳು ಇದನ್ನೂ ಬಿಡುತ್ತಾಳೆ, ಬಿಟ್ಟರೆ ಈ ಸಲ ಮೇಲೇಳುವುದಿಲ್ಲ ಎಂದು ಅಕ್ಕನ ಕರುಳು ಚುರುಕ್ ಎಂದಿತು.

"ನೀರಿನದೇ ತಪ್ಪಿರಬೇಕು," ಎಂದುಬಿಟ್ಟಳು. "ನಲ್ಲಿ ನೀರು ಬೇಡ. ನಮ್ಮ ಫ್ಯಾಕ್ಟರೀಲಿ ಶುದ್ಧ ಮಾಡಿದ ನೀರು ಸಿಗುತ್ತೆ, ನಾನು ಕ್ಯಾನಿನಲ್ಲಿ ತಂದುಕೊಡ್ತೀನಿ."

ನೀರು ತಂದಳು. ತಂಗಿಯ ಮನೆಗೆ ಒಯ್ಯುವ ಮೊದಲು ತನ್ನ ಅಡುಗೆಮನೆಯಲ್ಲಿ ಅದರೊಳಗೆ ಮದ್ದನ್ನೂ ಅಳೆದು ಹಾಕಿದಳು. ಬಣ್ಣವಿಲ್ಲದ, ವಾಸನೆ ಇಲ್ಲದ, ಬಿಸಿಗೂ ಜಗ್ಗದ ಮದ್ದು. ಲಕ್ಷ ಜನ ಹಚ್ಚಿಕೊಂಡರೆ ಒಬ್ಬಿಬ್ಬರಿಗೆ ಆಗದಿರಬಹುದು, ಉಳಿದವರಿಗೆ ಏನೂ ಆಗುವುದಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡಿದ.

"ಅವಳಿಗೆ ಹೇಳಿದೀಯ?"

"ಹೇಳಿದ್ರೆ ಹಾಕಿಸಿಕೊಳ್ತಾಳಾ?"

"ಹಾಗಾದ್ರೆ ಇದು ಯಾರ ಕ್ರೀಮು?" ಎಂದು ಕೇಳಿ ಅವನು ಪೇಪರು ಹಿಡಿದು ಕೂತ. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದು ಗೊಣಗಿಕೊಂಡು ಅಕ್ಕ ಕ್ಯಾನಿನ ಮುಚ್ಚಳ ಬಿಗಿ ಮಾಡಿದಳು.

ಮುಂದಿನದು ಕೇಳಬೇಕೇ? ಕ್ರೀಮು ಕೆಡಲೇ ಇಲ್ಲ. ಬಿಸಿ ಬೀರುವಿನಲ್ಲಿ ತಿಂಗಳುಗಟ್ಟಲೆ ಕೂತರೂ ಮುಚ್ಚಳ ತೆಗೆದರೆ ಅದೇ ಬಿಳುಪು, ಅದೇ ನುಣುಪು. ಆ ಡಬ್ಬಿಯನ್ನು ನೋಡಿದ ದಿನ ತಂಗಿ ಫ್ಯಾಕ್ಟರಿಯ ಗೇಟಿನಲ್ಲೇ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಸಂಜೆ ಸಿಹಿ ತಂದು ಮನೆಮನೆಗೆ ಹಂಚಿದಳು. "ಚೊಕ್ಕಟವಾಗಿ ಮಾಡಿದ್ರೆ ಯಾವ ಮದ್ದೂ ಬೇಡ, ನನ್ನ ಅಕ್ಕನೇ ಪರೀಕ್ಷೆ ಮಾಡಿ ನೋಡಿದಾಳೆ," ಎಂದು ಎಲ್ಲರಿಗೂ ಹೇಳಿದಳು. ಅಕ್ಕ ಸಿಹಿ ತಿಂದಳು. ತಂಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವುದನ್ನು ನೋಡುತ್ತಾ, ಸುಳ್ಳಾದರೇನು, ಹುಡುಗಿ ಬದುಕಿಕೊಂಡಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಕ್ರೀಮಿಗೆ ಗಿರಾಕಿಗಳು ಹೆಚ್ಚಿದರು. ವಾರಕ್ಕೊಂದು ಇದ್ದ ಕ್ಯಾನು ಎರಡಾಯಿತು.

ಒಂದು ಭಾನುವಾರ ತಂಗಿ ಮಾತಿನ ನಡುವೆ ಹೇಳಿದಳು. "ಆ ಸಂಗೀತದ ಟೀಚರ್ ಇದಾರಲ್ಲ ಅಕ್ಕ, ಪಾಪ, ಮುಖ ಊದಿಕೊಂಡು ಕಣ್ಣೇ ಮುಚ್ಚಿಹೋಗಿದೆ. ಅವರಿಗೆ ಅದ್ಯಾವುದೋ ಪ್ರಿಸರ್ವೇಟಿವ್ ಆಗಲ್ವಂತೆ, ಡಾಕ್ಟ್ರು ಹೇಳಿದ್ರಂತೆ. ಅದಕ್ಕೇ ನನ್ನ ಹತ್ರ ತಗೊಳ್ಳೋಕೆ ಶುರು ಮಾಡಿದ್ದು. ಈಗ ಯಾವ ಸೋಪಿನಿಂದ ಹೀಗಾಯ್ತೋ. ನನ್ನ ಕ್ರೀಮನ್ನೇ ದಿನಕ್ಕೆ ಮೂರು ಸಲ ದಪ್ಪಗೆ ಹಚ್ಚಿ ಅಂದಿದೀನಿ."

ಅಕ್ಕ ತಟ್ಟನೆ ಅವಳ ಕಡೆ ತಿರುಗಿದಳು. "ಯಾವುದದು? ಹೆಸರು ಹೇಳಿದ್ರಾ?"

ತಂಗಿ ನೆನಪಿಸಿಕೊಂಡು ಹೇಳಿದಳು. ಅದೇ ಮದ್ದು.

"ಸ್ವಲ್ಪ ದಿನ ನಿಲ್ಲಿಸೋಕೆ ಹೇಳು," ಎಂದಳು ಅಕ್ಕ.

"ಯಾಕೆ ನಿಲ್ಲಿಸ್ಬೇಕು? ಅದರಲ್ಲಿ ಏನೂ ಇಲ್ವಲ್ಲ! ಪಾಪ, ಅದೊಂದೇ ಅವರಿಗೆ ಹಿತ ಅನ್ನಿಸ್ತಿರೋದು. ನೀನೇ ಬಂದು ಒಂದು ಮಾತು ಹೇಳು ಬಾ. ನೀನು ಹೇಳಿದ್ರೆ ಅವರಿಗೆ ಧೈರ್ಯ."

ಬರುವುದಿಲ್ಲ ಎನ್ನಲು ಒಂದು ನೆಪವೂ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಅಕ್ಕನ ತಲೆಯಲ್ಲಿ ಒಂದೇ ಗದ್ದಲ. ಟೀಚರಿಗೆ ಗುಟ್ಟಾಗಿ ಹೇಳಲೇ? ಅವರು ಇವಳನ್ನು ಕೇಳದೆ ಇರುತ್ತಾರೆಯೇ? ಕ್ಯಾನಿಗೆ ಮದ್ದು ಹಾಕುವುದನ್ನು ಇವತ್ತೇ ನಿಲ್ಲಿಸಿಬಿಡಲೇ? ನಿಲ್ಲಿಸಿದರೂ ಆ ಮನೆಯಲ್ಲಿರುವ ಡಬ್ಬಿಯಲ್ಲಿ ಇದ್ದದ್ದು ಇದ್ದೇ ಇರುತ್ತದಲ್ಲ! ಹಾಳಾದವಳೇ, ಇದೆಲ್ಲ ನಿನಗೆ ಯಾಕೆ ಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ಪಕ್ಕದಲ್ಲಿ ತಂಗಿ ಹೊಸ ಡಬ್ಬಿಗೆ ಯಾವ ಬಣ್ಣದ ಮುಚ್ಚಳ ಚೆನ್ನ ಎಂದು ಮಾತಾಡುತ್ತಲೇ ಇದ್ದಳು.

ಟೀಚರ್ ಬಾಗಿಲು ತೆಗೆದಾಗ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಕೆನ್ನೆ ಕೆಂಪಗೆ ಬಿರಿದಿತ್ತು, ಒಂದು ಕಣ್ಣು ಸೀಳಿನಷ್ಟೇ ತೆರೆದಿತ್ತು, ತುಟಿಯ ಮೂಲೆಯಿಂದ ನೀರು ಒಸರುತ್ತಿತ್ತು. ವಯಸ್ಸಾದ ಹೆಂಗಸು, ಬಲು ಸಂಕೋಚದವರು. ಒಳಗೆ ಕೂರಿಸಿ, "ನೋಡಿ, ನನ್ನ ಅವತಾರ. ಪಾಠಕ್ಕೆ ಬರೋ ಮಕ್ಕಳು ಹೆದರ್ತಾರೆ ಅಂತ ಎಲ್ಲರನ್ನೂ ಬರಬೇಡಿ ಅಂದಿದೀನಿ," ಎಂದು ನಗಲು ಹೋಗಿ ನೋವಿಗೆ ಮುಖ ಕಿವುಚಿದರು. ಮಾತಾಡುತ್ತಲೇ ಪಕ್ಕದಲ್ಲಿದ್ದ ಡಬ್ಬಿ ತೆಗೆದು, ಬೆರಳಿನ ತುಂಬಾ ಕ್ರೀಮು ತೆಗೆದುಕೊಂಡರು.

"ನೀವು ದೊಡ್ಡ ಫ್ಯಾಕ್ಟರೀಲಿ ಪರೀಕ್ಷೆ ಮಾಡೋರಂತೆ. ತಪ್ಪು ತಿಳೀಬೇಡಿ, ಮನಸ್ಸಿಗೊಂದು ಸಮಾಧಾನ ಅಂತ ಕೇಳ್ತೀನಿ. ಇದರಲ್ಲಿ ಆ ಮದ್ದೇನೂ ಇಲ್ಲ ತಾನೇ?"

ತಂಗಿ ಅಕ್ಕನ ಕಡೆ ತಿರುಗಿ ನಕ್ಕಳು. ಹೇಳು, ನೀನೇ ಹೇಳು ಎಂಬ ನಗು. ಅಕ್ಕ ಆ ನಗುವನ್ನು ನೋಡಿದಳು, ಟೀಚರ ಕೆನ್ನೆಯ ಹತ್ತಿರಕ್ಕೆ ಹೋಗುತ್ತಿದ್ದ ಬೆರಳನ್ನು ನೋಡಿದಳು. ಎದ್ದು ಹೋಗಿ ಆ ಕೈ ಹಿಡಿದುಕೊಂಡಳು.

"ಹಚ್ಚಬೇಡಿ. ಇದೆ."

"ಏನಕ್ಕ ಇದು, ತಮಾಷೇನಾ?" ಎಂದಳು ತಂಗಿ. "ಇಲ್ಲ ಟೀಚರ್, ನಾನೇ ಕೈಯಾರ ಮಾಡಿದ್ದು, ಅದರಲ್ಲಿ ಏನೇನಿದೆ ಅಂತ ನನಗೆ..."

"ಇದೆ," ಎಂದಳು ಅಕ್ಕ ಮತ್ತೆ. "ಅವಳಿಗೆ ಗೊತ್ತಿಲ್ಲ. ನಾನು ಕೊಡೋ ನೀರಿನಲ್ಲೇ ಹಾಕಿದ್ದೆ. ಮೊದಲಿನಿಂದಲೂ." ಕ್ರೀಮು ಮೆತ್ತಿದ ಆ ಬೆರಳನ್ನು ತನ್ನ ಸೀರೆಯ ಸೆರಗಿನಲ್ಲೇ ಒರೆಸಿದಳು, ಆ ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆದು, ಈಗಲೇ ಡಾಕ್ಟರಿಗೆ ತೋರಿಸಿ, ನಾನೂ ಬರುತ್ತೇನೆ ಎಂದಳು. ಟೀಚರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಗನನ್ನ ಕರೀತೀನಿ, ಅವನ ಜೊತೆ ಹೋಗ್ತೀನಿ. ನೀವು ಹೊರಡಿ," ಎಂದು ಡಬ್ಬಿಗೆ ಮುಚ್ಚಳ ಹಾಕಿ ತಂಗಿಯ ಕೈಗೆ ವಾಪಸು ಕೊಟ್ಟರು.

ಬೀದಿಯಲ್ಲಿ ತಂಗಿ ಮುಂದೆ ಮುಂದೆ ನಡೆದಳು. ಬಸ್ ಸ್ಟಾಪಿನ ಹತ್ತಿರ ನಿಂತಳು. ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಅಕ್ಕ ಕಾದಳು.

"ನಾನು ಗೇಟಿನಲ್ಲಿ ನಿನ್ನ ತಬ್ಬಿಕೊಂಡು ಅತ್ತೆನಲ್ಲ, ಆಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಬೆನ್ನು ಸವರಿದೆ ನೀನು. ಗೆದ್ದೆ ಕಣೇ ಅಂದೆ."

"ನೀನು ಇದನ್ನೂ ಬಿಟ್ಟುಬಿಡ್ತೀಯ ಅಂತ ಹೆದರಿಕೊಂಡೆ ಕಣೇ. ನಿನ್ನ ಒಳ್ಳೇದಕ್ಕೇ..."

"ನಾನು ಬಿಡ್ತಿರ್ಲಿಲ್ಲ," ಎಂದಳು ತಂಗಿ. ದನಿ ಏರಿಸಲಿಲ್ಲ. "ಎಷ್ಟು ಸಲ ಒಡೀತು, ಬಿಟ್ನಾ? ಎಷ್ಟು ಸಲ ಬೂಷ್ಟು ಬಂತು, ಬಿಟ್ನಾ? ನೀರಿಲ್ಲದೆ ಬರೀ ಎಣ್ಣೆ, ಮೇಣದಲ್ಲೇ ಮಾಡಿ ನೋಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಕ್ಯಾನು ತಂದೆ. ಕೆಟ್ಟಿದ್ರೆ ನನ್ನದು ಕೆಡ್ತಿತ್ತು ಅಕ್ಕ. ಈಗ ಕೆಡೋದಕ್ಕೂ ನನ್ನದು ಅಂತ ಏನಿದೆ?"

ನೀರಿಲ್ಲದೆ ಮಾಡಿದ್ದರೆ ಬೂಷ್ಟಿನ ತಂಟೆಯೇ ಇರುತ್ತಿರಲಿಲ್ಲ. ಕೆಲಸ ಬಲ್ಲ ಯಾರಾದರೂ ಒಪ್ಪುವ ಮಾತು ಅದು. ತಾನು ಯಾಕೆ ಅದನ್ನು ಹೇಳಲಿಲ್ಲ ಎಂದು ಅಕ್ಕ ತನ್ನನ್ನೇ ಕೇಳಿಕೊಂಡಳು. ತಂಗಿಗೆ ಇನ್ನೊಂದು ಸಲ ಮಾಡುವ ತಾಳ್ಮೆ ಇದೆ ಎಂದು ತನಗೆ ಅನ್ನಿಸಲೇ ಇಲ್ಲವಲ್ಲ!

ತಂಗಿ ಮೊಬೈಲು ತೆಗೆದಳು. ಮೊದಲನೆಯ ಗಿರಾಕಿಗೆ ಫೋನು ಹಚ್ಚಿದಳು. "ನಮಸ್ಕಾರ, ನಾನು ಕ್ರೀಮಿನವಳು. ಅದನ್ನ ಹಚ್ಚೋದು ನಿಲ್ಲಿಸಿ. ಅದರಲ್ಲಿ ಪ್ರಿಸರ್ವೇಟಿವ್ ಇದೆ. ಹೌದು, ಇಲ್ಲ ಅಂತಲೇ ಹೇಳಿದ್ದೆ... ಇಲ್ಲ, ಬೇರೆ ಯಾರೂ ಅಲ್ಲ. ಕ್ರೀಮು ನನ್ನದು, ತಪ್ಪೂ ನನ್ನದೇ." ಆ ಕಡೆಯಿಂದ ಕಿರುಚಾಟ ಕೇಳಿಸಿತು. ತಂಗಿ ಕಿವಿಯಿಂದ ಫೋನು ದೂರ ಮಾಡದೆ ಪೂರ್ತಿ ಕೇಳಿಸಿಕೊಂಡಳು.

ಅಕ್ಕ ತಡೆಯಲಾರದೆ ಕೈ ಚಾಚಿದಳು. "ಕೊಡು ಇಲ್ಲಿ, ಹಾಕಿದವಳು ನಾನು, ನಾನೇ ಹೇಳ್ತೀನಿ."

ತಂಗಿ ಫೋನನ್ನು ಎದೆಗೆ ಒತ್ತಿ ಹಿಡಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

"ಇದನ್ನಾದ್ರೂ ನಾನೇ ಮಾಡೋಕೆ ಬಿಡು."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ತಂಗಿ ಮುಂದಿನ ಮನೆಯ ನಂಬರು ಒತ್ತಿದಳು.