ಚಿಗವ್ವನ ಪಾಲಿಗೆ ಬಂದ ಎರಡು ಲಟ್ಟಣಿಗೆ

ಸವದತ್ತಿಯ ಪಾತ್ರೆ ಅಂಗಡಿಯಲ್ಲಿ ಹೊಸ ಕಟ್ಟಿಗೆಯ ವಾಸನೆ ಮೂಗಿಗೆ ಬಂದಾಗ ನಾನು ಯಾಕೆ ಸುಮ್ಮನಾದೆನೆಂದು, ಮಕ್ಕಳೇ, ನೀವು ದಾರಿಯುದ್ದಕ್ಕೂ ಕೇಳಿದಿರಿ. ಮನೆಯ ಓವನ್ನಿನಲ್ಲಿ ಬಿಸ್ಕೀಟು ಮಾಡಲು ನಿಮಗೊಂದು ಲಟ್ಟಣಿಗೆ ಬೇಕಾಗಿತ್ತು. ಅಂಗಡಿಯವನು ಸ್ಟೀಲಿನದು, ಕಲ್ಲಿನದು, ಕಟ್ಟಿಗೆಯದು, ಹಿಡಿಕೆ ಇದ್ದದ್ದು, ಇಲ್ಲದ್ದು ಎಲ್ಲವನ್ನೂ ಹರಡಿ, "ನೀವ ಆರಸ್ರಿ ಅಜ್ಜಿ, ನಿಮಗ ಗೊತ್ತಿರತೈತಿ" ಎಂದ. ನಿಮ್ಮ ಅಜ್ಜ ಇದ್ದಾಗ ಅಂಗಡಿಯಲ್ಲಿ ಮಾತೆಲ್ಲ ಅವರದೇ. ನನಗೆ ಈಗಲೂ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಗಟ್ಟಿ ಹಿಟ್ಟಿಗೆ ತೂಕದ್ದು ಒಳ್ಳೆಯದು ಎಂಬಷ್ಟು ಗೊತ್ತಿತ್ತು, ಅದನ್ನೂ ಹೇಳಲಿಲ್ಲ. ಒಂದೊಂದನ್ನೇ ಎತ್ತಿ ನೋಡಿ ಇಟ್ಟುಬಿಟ್ಟೆ. ಬರೆದರೆ ಬಂದೀತೆಂದು ಈಗ ಕೂತಿದ್ದೇನೆ.

ಹೂಲಿಯ ನಮ್ಮ ಮನೆಯಲ್ಲಿ ಅಪ್ಪ, ಕಾಕಾ ಇಬ್ಬರದೂ ಒಂದೇ ಒಲೆ. ರೊಟ್ಟಿ ಕೈಯಲ್ಲಿ ಬಡಿಯುವಂಥದ್ದು, ಅದಕ್ಕೆ ಲಟ್ಟಣಿಗೆ ಬೇಡ. ಚಪಾತಿ ಮಾಡುವ ಸಂಜೆ ಮಾತ್ರ ಗೂಡಿನಿಂದ ಜಾಲಿಕಟ್ಟಿಗೆಯ ಎರಡು ಲಟ್ಟಣಿಗೆ ಇಳಿಯುತ್ತಿದ್ದವು. ಎಣ್ಣೆ ಕುಡಿದು ಕುಡಿದು ಕಪ್ಪಾಗಿದ್ದವು. ಕಾಕಾನ ಹೆಂಡತಿ ನೀಲವ್ವ, ನನ್ನ ಚಿಗವ್ವ, ಲಟ್ಟಿಸಿ ಎಸೆಯುವಳು. ನನ್ನ ಅವ್ವ ಒಲೆಯ ಮೇಲಿನ ಹಂಚಿನ ಮುಂದೆ ಕೂತು ಹಿಡಿದು ಬೇಯಿಸುವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಚಪಾತಿ ಮಾತ್ರ ಒಂದೂ ಕೆಳಗೆ ಬೀಳುತ್ತಿರಲಿಲ್ಲ.

ಮನೆ ಪಾಲಾದ ದಿನ ಪಡಸಾಲೆಯಲ್ಲಿ ಪಾತ್ರೆಗಳು ಎರಡು ಗುಂಪಾಗಿ ಕೂತವು. ಕೊನೆಗೆ ಉಳಿದದ್ದು ಈ ಎರಡು ಲಟ್ಟಣಿಗೆ ಮತ್ತು ಚಪಾತಿಯ ಒಂದು ಹಂಚು. ಹಂಚು ಯಾರಿಗೆ ಎಂಬಲ್ಲಿ ಮಾತು ನಿಂತಿತು. ಅಪ್ಪನ ತಾಯಿ, ನಮ್ಮ ಆಯಿ, ನನ್ನನ್ನು ಕರೆದಳು. ಇಂಥ ಹೊತ್ತಿನಲ್ಲಿ ಮನೆಯ ಕೂಸಿನ ಕೈಯಿಂದಲೇ ಕೊಡಿಸುವುದು ರೂಢಿ. ನಾನು ಎರಡೂ ಲಟ್ಟಣಿಗೆಗಳನ್ನು ಚಿಗವ್ವನ ಮಡಿಲಿಗೆ ಹಾಕಿದೆ, ಹಂಚನ್ನು ಎಳೆದುಕೊಂಡು ಹೋಗಿ ಅವ್ವನ ಮುಂದಿಟ್ಟೆ.

"ಏ ಹುಚ್ಚಿ, ಎರಡೂ ಕೈಲೆ ಲಟ್ಟಸ್ತಾಳೇನ ನಿಮ್ಮ ಚಿಗವ್ವ?" ಎಂದು ಕಾಕಾ ನಕ್ಕ.

"ಚಿಗವ್ವ ಲಟ್ಟಸ್ತಾಳ, ಅವ್ವ ಬೇಯಸ್ತಾಳ" ಎಂದೆ.

ಅಪ್ಪ ಬದಲಿಸಲು ಕೈ ಚಾಚಿದ. "ಕೂಸಿನ ಕೈ ದೇವರ ಕೈ. ಮುಟ್ಟಬ್ಯಾಡ" ಎಂದಳು ಆಯಿ. ಅವಳು ರೂಢಿಗೆ ಹೆದರಿ ಹಾಗೆ ಅಂದಳೋ, ಬೇಕೆಂದೇ ಅಂದಳೋ, ನನಗೆ ಇಂದಿಗೂ ಬಗೆಹರಿದಿಲ್ಲ.

ನಡುವೆ ಗೋಡೆ ಎದ್ದಿತು. ಆದರೂ ಚಪಾತಿಯ ಸಂಜೆ ಚಿಗವ್ವ ತನ್ನ ಹಿಟ್ಟು ನಾದಿಕೊಂಡು, ಲಟ್ಟಣಿಗೆ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಒಲೆಗೇ ಬರುತ್ತಿದ್ದಳು. ಎರಡೂ ಮನೆಯದು ಒಟ್ಟಿಗೇ ಆಗುತ್ತಿತ್ತು. ಮನೆ ಒಡೆದಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಸಂತೆಯ ದಿನ ಅಪ್ಪ ಸವದತ್ತಿಯಿಂದ ಹೊಸ ಲಟ್ಟಣಿಗೆ ತಂದ. "ಇದೊಂದರ ಸಲುವಾಗಿ ಇನ್ನೊಬ್ರ ದಾರಿ ಯಾಕ ಕಾಯತೀ" ಎಂದು ಅವ್ವನ ಕೈಗಿಟ್ಟ. ಇನ್ನೊಬ್ಬರು ಯಾರೆಂದು ನಾನು ಸುತ್ತ ನೋಡಿದೆ. ಅವ್ವ ಅದನ್ನು ಹೊರಳಿಸಿ ಹೊರಳಿಸಿ ನೋಡಿ ಮೂಸಿದಳು; ಅಂಗಡಿಯಲ್ಲಿ ನನ್ನ ಮೂಗಿಗೆ ಬಂದದ್ದು ಅದೇ ಹೊಸ ಕಟ್ಟಿಗೆಯ ವಾಸನೆ. ಅಪ್ಪ ಪ್ರೀತಿಯಿಂದಲೇ ತಂದಿದ್ದ. ಅವ್ವನಿಗೆ ಖುಷಿಯಾಯಿತೋ ಇಲ್ಲವೋ ಹೇಳಲಾರೆ.

ಆ ಸಂಜೆ ಅವ್ವ ಲಟ್ಟಿಸುತ್ತಿರುವಾಗಲೇ ಚಿಗವ್ವ ಬಂದು ಬಾಗಿಲಲ್ಲಿ ನಿಂತಳು.

"ಬಾ ನೀಲವ್ವ, ಕುಂದ್ರು ಬಾ" ಎಂದಳು ಅವ್ವ, ತಲೆ ಎತ್ತದೆ.

"ಇಲ್ರೀ ಅಕ್ಕಾರ, ಸುಮ್ನ ಬಂದಿದ್ದೆ" ಎಂದು ಚಿಗವ್ವ ಹಿಟ್ಟಿನ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮುಂದಿನ ಸಂತೆಗೆ ಕಾಕಾನೂ ಒಂದು ಹಂಚು ತಂದ.

ಜಗಳವೇನೂ ಆಗಲಿಲ್ಲ ಮಕ್ಕಳೇ, ಅದಕ್ಕೇ ಯಾರನ್ನು ದೂರಬೇಕೋ ಗೊತ್ತಾಗುವುದಿಲ್ಲ. ಈಗ ಅವರಲ್ಲಿ ಯಾರೂ ಇಲ್ಲ. ಆಗ ಅವ್ವನಿಗೆ ಒಬ್ಬಳೇ ಲಟ್ಟಿಸಿ ಒಬ್ಬಳೇ ಬೇಯಿಸುವುದನ್ನು ಕಲಿಯಲು ಬಹಳ ದಿನ ಬೇಕಾದವು. ಒಂದನ್ನು ಲಟ್ಟಿಸುವಷ್ಟರಲ್ಲಿ ಹಂಚಿನ ಮೇಲಿನದು ಸೀಯುತ್ತಿತ್ತು. ಗೋಡೆಯ ಆಚೆಯಿಂದಲೂ ಅದೇ ಸೀದ ವಾಸನೆ ಬರುತ್ತಿತ್ತು.